ಸಿದ್ದವ್ವನ ಹುಳದ ಮನೆ

ನಮ್ಮ ಪಕ್ಕದ ಮನೆಯ ಸಿದ್ದವ್ವನಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಯಾರಾದರೂ ಓದಿ ಹೇಳುವ ತನಕ ಆಕೆ ಯಾವ ಕಾಗದದ ಮೇಲೂ ಒಂದು ರೇಷ್ಮೆ ಹುಳವನ್ನು ಬಿಟ್ಟವಳಲ್ಲ. ಮರಿಹುಳುಗಳ ಬಿದಿರು ತಟ್ಟೆಗೆ ಹಳೆಯ ಕಾಗದ ಹಾಸುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅದರಲ್ಲಿ ಏನಿದೆಯೆಂದು ಯಾರೂ ನೋಡುತ್ತಿರಲಿಲ್ಲ. ಸಿದ್ದವ್ವ ಮಾತ್ರ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಆಡುವ ಮಕ್ಕಳನ್ನೆಲ್ಲ ಕೂಗುತ್ತಿದ್ದಳು.

“ಬನ್ರಮ್ಮಿ, ಬನ್ರಲಾ. ಇದ್ರಲ್ಲಿ ಯಾರ್ ಎಸ್ರು ಬರ್ದದೋ, ಯಾರ್ ಕಷ್ಟ ಬರ್ದದೋ. ಕೇಳ್ದೆ ಉಳದ ಕೆಳ್ಗೆ ಆಕಾಕಾದದಾ?”

ಅವು ಯುದ್ಧದ ವರ್ಷಗಳು. ಆಕಾಶದಿಂದ ಸಿಪಾಯಿಗಳು ಇಳಿಯುವ ಛತ್ರಿಗೆ ರೇಷ್ಮೆ ಬೇಕಂತೆ ಎಂದು ಊರಿಗೆ ಊರೇ ಹಿಪ್ಪುನೇರಳೆ ಹಾಕಿತ್ತು. ಕಾಗದ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಸಿದ್ದವ್ವ ಹೊಳೆ ನೀರಿನಿಂದ ಕರೆಂಟು ತೆಗೆಯುವ ಬ್ಲಫ್ ಎಂಬ ಜಾಗದ ಕೆಲಸದವರ ಮನೆಗಳಿಗೆ ಮೊಸರು ಹಾಕುತ್ತಿದ್ದಳು. ಅಲ್ಲಿನ ಅಮ್ಮಂದಿರನ್ನು ಗೋಗರೆದು ಮಕ್ಕಳ ಪತ್ರಿಕೆ, ಹರಿದ ಕತೆ ಪುಸ್ತಕ ತರುತ್ತಿದ್ದಳು.

ನಮಗೆ ಶಾಲೆಯಲ್ಲಿ ಓದು ಎಂದರೆ ಗೆಣ್ಣಿನ ಮೇಲೆ ಬೀಳುವ ರೂಲುದೊಣ್ಣೆ. ಸಿದ್ದವ್ವನ ಜಗಲಿಯಲ್ಲಿ ತಪ್ಪು ಓದಿದರೂ ಕೇಳುವವರಿರಲಿಲ್ಲ. ಆಕೆಗೆ ಕತೆ ಮುಂದೆ ಹೋದರೆ ಸಾಕು. ಆದರೆ ಮಹಾ ಕಿಲಾಡಿ. ಕಳ್ಳ ಬಾಗಿಲು ತೆರೆದ ಎನ್ನುವಾಗ, ಹುಲಿ ಎದ್ದು ನಿಂತಿತು ಎನ್ನುವಾಗ ಫಕ್ಕನೆ ಕಾಗದ ಕಿತ್ತುಕೊಳ್ಳುತ್ತಿದ್ದಳು. “ಸಾಕು, ಇವತ್ಗೆ ಇಷ್ಟೇ ತಟ್ಟೆ. ಮಿಕ್ಕಿದ್ದು ನಾಳೀಕೆ.” ನಾವು ಕಾಲಿಗೆ ಬಿದ್ದರೂ ಕೊಡುತ್ತಿರಲಿಲ್ಲ. ಮಾರನೆಯ ದಿನ ಕರೆಯುವ ಮೊದಲೇ ನಾವು ಹಾಜರು. ನನಗಂತೂ ಆ ಚಟ ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಕತೆ ಬಂತು. ಹೊಳೆ ದಾಟಲು ಹೋದ ಹುಡುಗಿಯೊಬ್ಬಳು ಸುಳಿಗೆ ಸಿಕ್ಕಿಕೊಂಡಿದ್ದಳು. ಸಿದ್ದವ್ವ ಅಲ್ಲಿಗೇ ನಿಲ್ಲಿಸಿದಳು. ಆ ಸಂಜೆ ಆಕೆಯ ಸೊಸೆ ತಾಯಮ್ಮ ಅವಸರದಲ್ಲಿ ಹಾಸು ಬದಲಾಯಿಸುತ್ತಾ ಮುಂದಿನ ಹಾಳೆಯನ್ನು ಓದಿಸದೆಯೇ ಹಾಸಿಬಿಟ್ಟಳು. ತಾಯಮ್ಮ ಆ ವರ್ಷ ತಾನೇ ಮದುವೆಯಾಗಿ ಬಂದ, ಹದಿನೈದರ ಹುಡುಗಿ. ಬೆಳಗಾಗುವಷ್ಟರಲ್ಲಿ ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುಂಚೆ ಅವು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಕದಲಿಸಿದರೆ ಪೊರೆ ಬಿಡದೆ ಸಾಯುತ್ತವೆ.

“ಜ್ವರ ಬುಟ್ಟು ಏಳ್ಲಿ, ನಾನೇ ತಗ್ದುಕೊಡ್ತೀನಿ. ಅಲ್ಲೀಗಂಟ ಆ ಕಡೀಕೆ ಓಗ್ಬ್ಯಾಡ” ಎಂದಳು ಸಿದ್ದವ್ವ.

ಆ ಹುಡುಗಿ ನೀರಿನಲ್ಲಿ ಮುಳುಗಿ ಏಳುತ್ತಿದ್ದಾಳೆ, ನಾನು ಊಟ ಮಾಡುವುದು ಹೇಗೆ? ಮಧ್ಯಾಹ್ನ ಅವರೆಲ್ಲ ಸೊಪ್ಪಿನ ತೋಟಕ್ಕೆ ಹೋದಾಗ ಹುಳದ ಮನೆಯೊಳಗೆ ನುಗ್ಗಿದೆ. ಯಾವ ತಟ್ಟೆಯೋ ತಿಳಿಯದೆ ಮೂರು ತಟ್ಟೆಗಳ ಹಾಸು ಎತ್ತಿ, ಸರಿಸಿ, ಹುಡುಕಿದೆ. ಮೂರನೆಯದರಲ್ಲಿ ಸಿಕ್ಕಿತು. ನಿಂತಲ್ಲೇ ಓದಿ, ಹೇಗಿತ್ತೋ ಹಾಗೆ ಇಟ್ಟೆನೆಂದುಕೊಂಡು ಓಡಿಬಂದೆ.

ಉಳಿದ ತಟ್ಟೆಗಳು ಜ್ವರ ಬಿಟ್ಟು ಸೊಪ್ಪು ಮೇಯತೊಡಗಿದವು. ಆ ಮೂರರ ಹುಳುಗಳು ಮಾತ್ರ ಏಳಲಿಲ್ಲ, ಕಪ್ಪಾದವು. ಸಿದ್ದವ್ವನ ಗಂಡ ಮರಿಗೌಡ ತಟ್ಟೆಗಳನ್ನು ಅಂಗಳಕ್ಕೆ ತಂದು ಬಡಿದ. ಬೀದಿಯ ಜನ ಸೇರಿದರು. ನಮ್ಮಲ್ಲಿ ಹುಳ ಕೆಟ್ಟರೆ ಮೊದಲು ಹುಡುಕುವುದು ಮುಟ್ಟಾದ ಹೆಂಗಸನ್ನು.

“ಈ ಸೊಸೆ ಮುಟ್ಟಾಗಿ ಒಳೀಕೆ ಓಗವ್ಳೆ. ನಾಳೀಕೆ ಗಾಡಿ ಕಟ್ಸಿ ಇವ್ಳ ತೌರ್ಗೆ ಬುಟ್ಬತ್ತೀನಿ. ಇನ್ನ ಕರ್ಯಾಕಿಲ್ಲ” ಎಂದ ಮರಿಗೌಡ.

“ನಾ ಓಗಿಲ್ಲ ಮಾವ” ಎಂದು ತಾಯಮ್ಮ ಬಾಗಿಲ ಪಕ್ಕ ನಿಂತು ಅಳುತ್ತಿದ್ದಳು. ಅವಳ ಗಂಡ ಅಪ್ಪನೆದುರು ಬಾಯಿ ಬಿಡುವವನಲ್ಲ. ನಾನು ಜನರ ನಡುವೆಯೇ ಇದ್ದೆ. ಹೇಳಿದರೆ ನಮ್ಮಪ್ಪ ಶಾಲೆ ಬಿಡಿಸುತ್ತಾನೆ, ಹೇಳದಿದ್ದರೆ ತಾಯಮ್ಮನ ಬಾಳು ಹೋಗುತ್ತದೆ. ಎರಡೂ ಗೊತ್ತಿದ್ದೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಸಿದ್ದವ್ವ ಗಂಡನ ಕಡೆ ನೋಡಲೇ ಇಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಸುಳೀಗ್ ಸಿಕ್ಕಿದ್ಲಲ್ಲ, ಆ ಉಡ್ಗಿ ಏನಾದ್ಲಮ್ಮಿ?”

ಜನರೆಲ್ಲ ನನ್ನ ಕಡೆ ತಿರುಗಿದರು.

“ಬದುಕ್ಕಂಡ್ಳು” ಎಂದೆ. “ಅಂಬಿಗ ಅಗ್ಗ ಎಸ್ದ.”

ಮರಿಗೌಡನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೈಯೆತ್ತಿಕೊಂಡು ನನ್ನ ಮೇಲೆ ಬಂದ. ಸಿದ್ದವ್ವ ಅಡ್ಡ ನಿಂತಳು. “ಓದೋ ಉಚ್ಚು ಅತ್ತಿಸ್ದೋಳು ನಾನು. ಒಡೀಬೇಕಾದ್ರೆ ನಂಗ್ ಒಡಿ.” ಅವನು ಹೊಡೆಯಲಿಲ್ಲ, ಗಾಡಿಯನ್ನೂ ಕಟ್ಟಿಸಲಿಲ್ಲ.

ಜನ ಚದುರಿದ ಮೇಲೆ ಸಿದ್ದವ್ವ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡಳು. “ಎರಡ್ ದಿಸದಿಂದ ನೀ ಮಿಕ್ಕಿದ್ ಕತೆ ಕೇಳಾಕೆ ಬರ್ನಿಲ್ಲ. ಆಗ್ಲೇ ಗೊತ್ತಾಯ್ತು. ನೀನೇ ಏಳ್ತೀಯ ಅಂತ ಕಾದೆ.” ಮುಖದಲ್ಲಿ ನಗುವಿರಲಿಲ್ಲ. “ಉಳ ಸತ್ವು, ಅದ್ಕೆ ಬೈಯಾಕಿಲ್ಲ. ಆದ್ರೆ ಇವ್ಳು ಅಳ್ತಿದ್ರೆ ನೀ ನೋಡ್ಕಂಡ್ ನಿಂತಿದ್ದೆ. ಅದ್ಕೆ ಇವ್ಳಿಗೆ ಓದಾಕೆ ಬರ್ಯಾಕೆ ಕಲ್ಸು. ಕಲ್ಯೋಗಂಟ ನಿಂಗೆ ಕತೆ ಕಾಗ್ದ ಇಲ್ಲ.”

ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ತಾಯಮ್ಮನೋ, ಒತ್ತಕ್ಷರ ಬಂದ ಕೂಡಲೇ ಹುಳಕ್ಕೆ ಸೊಪ್ಪು ಹಾಕಬೇಕೆಂದು ಎದ್ದುಬಿಡುವಳು. ಹೀಗೇ ಮೂರ್ನಾಲ್ಕು ವರ್ಷ ಎಳೆಯಿತು. ಅಷ್ಟರೊಳಗೆ ನಾನು ಮಂಡ್ಯದ ಸೋದರಮಾವನ ಮನೆಯಿಂದ ಹೈಸ್ಕೂಲಿಗೆ ಹೋಗುವುದೆಂದು ನಿಶ್ಚಯವಾಯಿತು. ಹೊರಡುವ ದಿನ ಸಿದ್ದವ್ವ ಹರಿದ ಕತೆ ಪುಸ್ತಕವೊಂದನ್ನು ನನ್ನ ಕೈಗಿಟ್ಟಳು. “ಅವ್ಳಿನ್ನೂ ಪೂರಾ ಕಲ್ತಿಲ್ಲ. ಆದ್ರೂ ತಗೋ” ಎಂದಳು.

ಸ್ವಾತಂತ್ರ್ಯ ಬಂದ ವರ್ಷದ ಕೊನೆಯಲ್ಲಿ ಮಂಡ್ಯಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ಅಕ್ಷರಗಳು ಒಂದು ದೊಡ್ಡದು, ಒಂದು ಚಿಕ್ಕದು. ಹೀಗೆ ಬರೆದಿತ್ತು:

“ಅತ್ತೆ ತೀರಿಕೊಂಡರು. ನಿನಗೆ ತಿಳಿಸೋಕೆ ಬೇರೆಯವರ ಕೈಲಿ ಬರೆಸಬೇಡ, ನೀನೇ ಬರಿ ಅಂತ ನನಗೆ ಮೊದಲೇ ಹೇಳಿದ್ದರು. ಬರೆಯೋದಕ್ಕೆ ಒಂಬತ್ತು ದಿನ ಆಯಿತು. ತಡ ಆಗಿದ್ದಕ್ಕೆ ಬೈಯಬೇಡ. ತಾಯಮ್ಮ.”

ಕಾರ್ಡು ನನ್ನ ಕೈ ಸೇರುವಾಗ ಹನ್ನೊಂದನೆಯ ದಿನದ ತಿಥಿಯೂ ಕಳೆದಿತ್ತು. ಬೇರೆ ಯಾರಾದರೂ ಬರೆದಿದ್ದರೆ ತಿಥಿಗಾದರೂ ಹೋಗಿ ಸೇರುತ್ತಿದ್ದೆ. ಬೈಯಲಿಲ್ಲ.