ಓರಗಿತ್ತಿಯ ಹೆಸರಿನ ಗೊಬ್ಬರದಂಗಡಿ

ಮೊನ್ನೆ ನನ್ನ ಸೊಸೆ ತಾರಸಿಯ ಕುಂಡಗಳಿಗೆಂದು ಸೀಮೆಗೊಬ್ಬರದ ಪೊಟ್ಟಣ ತಂದು ನನ್ನೆದುರಿಗೇ ಬಿಚ್ಚಿದಳು. ಬಿಳೀ ಹರಳು, ಮೂಗಿಗೆ ಚುರುಕ್ಕೆನ್ನುವ ಅದೇ ವಾಸನೆ... ನನ್ನ ಕಣ್ಣಲ್ಲಿ ನೀರು ಬಂತು. ಘಾಟು ಹೊಡೆಯಿತೇನೋ ಎಂದುಕೊಂಡು ಅವಳು ಪೊಟ್ಟಣವನ್ನು ಆಚೆ ಸರಿಸಿದಳು. ನನಗೆ ನೆನಪಾಗಿದ್ದು ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ಎಷ್ಟೋ ವರ್ಷದ ಹಿಂದಿನ ಹೊಟ್ಟೆಕಿಚ್ಚು ಆ ವಾಸನೆಗೆ ಮತ್ತೆ ಎದ್ದು ಕೂತಿತ್ತು.

ನಾನು ಬಸವನಗುಡಿ ಕಡೆಯವಳು. ಎಂಟನೇ ಕ್ಲಾಸು ಮುಗಿಸಿ ಕತ್ರಿಗುಪ್ಪೆಗೆ ಸೊಸೆಯಾಗಿ ಬಂದೆ. ಆಗ ಕತ್ರಿಗುಪ್ಪೆ ಅಪ್ಪಟ ಹಳ್ಳಿ. ಸುತ್ತ ರಾಗಿ ಹೊಲ, ಹುರುಳಿಕಾಯಿ, ಕನಕಾಂಬರದ ತೋಟ. ಮಾವನವರದು ಹೊಂಗೆ ಹಿಂಡಿ, ಮೂಳೆಪುಡಿ ಮಾರುವ ಸಣ್ಣ ಅಂಗಡಿ. ಸೀಮೆಗೊಬ್ಬರದ ಮೂಟೆಗಳು ಬರಲು ಶುರುವಾದ ಮೇಲೆ ಸರ್ಕಾರ ಹೊಸ ಕಾನೂನು ತಂದಿತು. ಇನ್ನು ಮುಂದೆ ಗೊಬ್ಬರ ಮಾರುವವರು ಲೈಸೆನ್ಸು ತೆಗೆದುಕೊಳ್ಳಬೇಕು. ಅದು ಒಬ್ಬರ ಹೆಸರಿಗೆ, ಒಂದು ಜಾಗಕ್ಕೆ. ಇನ್ನೊಬ್ಬರಿಗೆ ವರ್ಗ ಮಾಡುವ ಹಾಗಿಲ್ಲ. ಬಂದವರ ಕಣ್ಣಿಗೆ ಕಾಣುವಂತೆ ಗೋಡೆಗೆ ತೂಗುಹಾಕಬೇಕು.

ಯಾರ ಹೆಸರಿಗೆ ಎಂಬುದೇ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಮಾವನವರು ತಮ್ಮ ಹೆಸರು ಬೇಡವೆಂದರು, ನಾಳೆ ತಾವು ಹೋದರೆ ಅದೂ ತಮ್ಮ ಜೊತೆಗೇ ಹೋಗುತ್ತದೆ ಎಂದು. ಒಬ್ಬ ಮಗನ ಹೆಸರಿಗೆ ಮಾಡಿದರೆ ಇನ್ನೊಬ್ಬನಿಗೆ ಮುನಿಸು. ಕೊನೆಗೆ ಸೊಸೆಯ ಹೆಸರಿಗೆ ಎಂದಾಯಿತು. ಓದು ಬರಹ ಬಲ್ಲವಳು ನಾನೊಬ್ಬಳೇ, ನನ್ನ ಹೆಸರನ್ನೇ ಕೂಗುತ್ತಾರೆಂದು ಬಾಗಿಲ ಹಿಂದೆ ಕಿವಿಯಾಗಿ ನಿಂತಿದ್ದೆ. ಮಾವನವರು ನೋಡಿದ್ದು ಕಾಲ್ಗುಣ. ಓರಗಿತ್ತಿ ಮನೆ ತುಂಬಿದ ವರ್ಷ ಬಾವಿಯಲ್ಲಿ ನೀರು ಬಿದ್ದಿತ್ತಂತೆ. ನಾನು ಬಂದ ತಿಂಗಳಲ್ಲಿ ಎತ್ತು ಸತ್ತಿತ್ತು. ಆ ಎತ್ತಿಗೆ ಹಲ್ಲೆಲ್ಲ ಉದುರಿ ವರ್ಷವಾಗಿತ್ತು ಅನ್ನುವುದು ಮಾತ್ರ ಯಾರ ನೆನಪಿಗೂ ಬರಲಿಲ್ಲ.

ಅರ್ಜಿ ಬರೆದವಳು ನಾನೇ. ಅವಳ ಹೆಸರನ್ನು ನನ್ನ ಗುಂಡು ಅಕ್ಷರದಲ್ಲಿ ಬರೆದೆ. ದಿನಾ ಬೆಳಗ್ಗೆ ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೊಬ್ಬರದ ದರ ಬರೆಯುತ್ತಿದ್ದವಳೂ ನಾನೇ. ಅವಳು ಕಟ್ಟು ಹಾಕಿಸಿದ ತನ್ನ ಹೆಸರಿನ ಕೆಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳೇ ಮೇಲು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು. ಪುಟ್ಟೇನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವರೂ ಅವಳನ್ನು ಗೊಬ್ಬರದಕ್ಕ ಎಂದು ಕರೆಯುತ್ತಿದ್ದರು. ಗೊಬ್ಬರದಕ್ಕ ಅನ್ನಿಸಿಕೊಳ್ಳಬೇಕೆಂದು ಆಸೆಪಟ್ಟ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು, ಆದರೆ ಪಟ್ಟಿದ್ದು ನಿಜ. ಅವಳು ಮೊದಲು ಮನೆಮಂದಿಯ ಕ್ಷೇಮ ವಿಚಾರಿಸಿ, ಕೆಮ್ಮುವ ಮಗುವಿಗೆ ಒಂದು ಕಷಾಯ ಹೇಳಿ, ಆಮೇಲೆ ಗೊಬ್ಬರ ತೂಗುತ್ತಿದ್ದಳು. ಅವಳು ಹಾಗೆ ನಗುತ್ತಾ ಮಾತಾಡುತ್ತಿದ್ದರೆ ಒಳಗೆ ನನಗೆ ಕೈಲಿದ್ದ ಪಾತ್ರೆ ಎತ್ತಿ ಕುಕ್ಕುವಷ್ಟು ಉರಿ.

ಮಾವನವರು ತೀರಿಕೊಂಡ ಮೇಲೆ ಪಾಲಾಯಿತು. ತೋಟ ಭಾವನವರಿಗೆ, ಅಂಗಡಿಯ ಜಾಗ ನಮಗೆ. ಗೋಡೆಯ ಮೇಲಿನ ಲೈಸೆನ್ಸು ಮಾತ್ರ ಅವಳದು. ಅವಳು ಬೇರೆ ಕಡೆಗೆ ಒಯ್ಯುವ ಹಾಗಿಲ್ಲ, ಅವಳದು ಇರುವತನಕ ಅದೇ ಜಾಗಕ್ಕೆ ನನಗೆ ಇನ್ನೊಂದು ಸಿಗುವ ಹಾಗಿಲ್ಲ. ಊರ ಹಿರಿಯರು ಎಲೆಅಡಿಕೆ ಹಾಕಿಕೊಂಡು ಕೂತು ಬಾವಿಯ ನೀರಿನ ನ್ಯಾಯವನ್ನೇ ಇದಕ್ಕೂ ಹೇಳಿದರು. ಒಂದು ತಿಂಗಳು ದೊಡ್ಡವಳ ಸರದಿ, ಒಂದು ತಿಂಗಳು ಚಿಕ್ಕವಳದು. ಎಲ್ಲರೂ ತಲೆಯಾಡಿಸಿದೆವು. ಕಾನೂನು ಏನು ಹೇಳುತ್ತದೆಂದು ಒಬ್ಬರೂ ಕೇಳಲಿಲ್ಲ.

ನನ್ನ ಸರದಿಯ ತಿಂಗಳಲ್ಲಿ ಇನ್ಸ್‌ಪೆಕ್ಟರ್ ಬಂದರು. ನಮ್ಮ ಹಿರಿಯರೊಬ್ಬರು ಅರಳಿಕಟ್ಟೆಯ ಹತ್ತಿರ ಅವರನ್ನು ನಿಲ್ಲಿಸಿಕೊಂಡು, ತಾವು ಮಾಡಿದ ನ್ಯಾಯವನ್ನು ಹೆಮ್ಮೆಯಿಂದ ವರದಿ ಒಪ್ಪಿಸಿ ಕಳಿಸಿದ್ದರು. ಇನ್ಸ್‌ಪೆಕ್ಟರ್ ಗೋಡೆ ನೋಡಿದರು, ನನ್ನನ್ನು ನೋಡಿದರು.

"ಲೈಸೆನ್ಸ್ ಏನು ಬಾವಿನೇನಮ್ಮ, ಸರದಿ ಹಾಕ್ಕೊಳ್ಳೋಕೆ? ಯಾರ ಹೆಸ್ರಿದ್ಯೋ ಅವ್ರೇ ವ್ಯಾಪಾರ ನಡೆಸ್ಬೇಕು. ಮುಂದಿನ್ಸಲ ಬರೋಷ್ಟ್ರಲ್ಲಿ ತೀರ್ಮಾನ ಮಾಡ್ಕೊಳ್ಳಿ. ಇಲ್ದಿದ್ರೆ ರದ್ದು ಮಾಡಿಸ್ತೀನಿ."

ಜಾಗ ನಮ್ಮದು, ಬಿಡುವುದಿಲ್ಲ ಎಂದು ನಾನು ಜಗಳಕ್ಕೆ ಸೊಂಟ ಕಟ್ಟಿದೆ. ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ. ಮಾರನೆಯ ದಿನ ಓರಗಿತ್ತಿ ಕಾಣಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಬೆವರಿಕೊಂಡು ಬಂದವಳು ಒಂದು ಚೊಂಬು ನೀರು ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡಳು.

"ಆಫೀಸಿಗೆ ಹೋಗಿ ವಾಪಸ್ ಕೊಟ್ಬಿಟ್ಟು ಬಂದೆ ಕಣೇ. ಜಾಗ ನಿಂದು, ದುಡಿಮೆನೂ ನಿಂದೇ. ಕೂತ್ಕೊ, ಅರ್ಜಿ ಬರಿ. ಈ ಸಲ ನಿನ್ ಹೆಸರೇ ಬರ‍್ಕೊ."

ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಜೀವ ಹೋದರೂ ಬಿಡಬಾರದೆಂದು ನಾನಿದ್ದದ್ದನ್ನು ಅವಳು ತೋಟದ ಸೊಪ್ಪು ಕೊಟ್ಟಷ್ಟು ಹಗುರವಾಗಿ ಕೊಟ್ಟುಬಿಟ್ಟಿದ್ದಳು. ಅದು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಲೈಸೆನ್ಸು ಬಂತು, ನನ್ನ ಹೆಸರು ಗೋಡೆಗೇರಿತು. ಬಂದವರೆಲ್ಲ ಅದರ ಕೆಳಗೇ ನಿಂತು, "ಅಕ್ಕ ಇಲ್ವಾ?" ಎಂದು ಕೇಳುತ್ತಿದ್ದರು. ನಾನು ಒಂದು ಗುಲಗಂಜಿಯಷ್ಟೂ ತೂಕ ತಪ್ಪದೆ ಕೊಡುತ್ತಿದ್ದೆ. ಗೊಬ್ಬರದಕ್ಕ ಎಂದು ನನ್ನನ್ನು ಒಬ್ಬರಾದರೂ ಕರೆಯಲಿಲ್ಲ... ಆಮೇಲೆ ಹೊಲಗಳೆಲ್ಲ ಒಂದೊಂದಾಗಿ ಸೈಟುಗಳಾದವು. ಕೊಳ್ಳುವವರಿಲ್ಲದೆ ಅಂಗಡಿ ಮುಚ್ಚಿತು, ನಾನು ಲೈಸೆನ್ಸು ನವೀಕರಿಸಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಗಿರಿನಗರದಲ್ಲಿ ಅವಳ ಮಗಳ ಮನೆ. ಬೀದಿಯ ತುಂಬ ಜನ. ಗಾಡಿ ಕಟ್ಟಿಕೊಂಡು ಬರುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಕೂಡ ಹಾರ ಹಿಡಿದು ನಿಂತಿದ್ದರು. ಸುಳ್ಳು ಯಾಕೆ ಹೇಳಲಿ, ಅಲ್ಲಿಯೂ ನನಗೆ ಹೊಟ್ಟೆ ಉರಿಯಿತು. ನಾನು ಹೋದರೆ ಯಾರು ಯಾರು ಬಂದಾರು ಎಂದು ಅವಳ ತಲೆದೆಸೆಯಲ್ಲಿ ಕೂತು ಯೋಚಿಸಿದೆ. ಮಗ, ಸೊಸೆ, ಎದುರು ಮನೆಯವರು... ಈಗಲೂ ಸಂಜೆ ಹೊತ್ತು ಸುಮ್ಮನೆ ಕೂತಾಗ ಅದೇ ಯೋಚನೆ ಬರುತ್ತದೆ. ಎಲ್ಲರಿಗಿಂತ ಮುಂಚೆ ಓಡಿ ಬಂದು, ನನ್ನ ಹೆಸರು ಹಿಡಿದು ಕೂಗಿ ಅಳುವವಳು ಅವಳೊಬ್ಬಳೇ ಇದ್ದಳು.