ಜೆಸಿಬಿ ಹೇಳಿದ ಸಾಕ್ಷಿ

ಜೇವರ್ಗಿಯ ಪೈಪಿನ ಅಂಗಡಿಯೊಂದರ ಆನ್‌ಲೈನ್ ಜಾಹೀರಾತು ನೋಡಿಕೊಳ್ಳೋದು ನನ್ನ ಕೆಲಸ. ಊರೊಳಗಿಂದಲೇ ದಿನಾ ನೂರಾರು ಕ್ಲಿಕ್ ಬರುತ್ತಿದ್ದವು, ಒಂದೊಂದಕ್ಕೂ ದುಡ್ಡು ಹೋಗುತ್ತಿತ್ತು. ರೇಟು ಕೇಳಲು ಮಾತ್ರ ಒಂದು ಫೋನೂ ಇಲ್ಲ. ನಮ್ಮ ಜನ ರೇಟು ಕೇಳದೆ ಬಿಡೋರೇ? ಮಾಲೀಕರು ನನ್ನನ್ನೇ ಕೆಲಸದಿಂದ ತೆಗೆಯೋದರಲ್ಲಿದ್ದರು. ಜಾಹೀರಾತು ಕಂಪನಿಗೆ ಫೋನ್ ಹಚ್ಚಿದೆ.

"ಎಲ್ಲಾ ಅಸಲಿ ಗಿರಾಕಿಗಳೇ ಮೇಡಂ," ಅಂದ ಅಲ್ಲಿನ ಅಧಿಕಾರಿ.

"ಹೌದ್ರಿ? ಸೋಮವಾರದ್ದು ನೋಡ್ರಿ."

"ಅವತ್ತೂ ನಿಮ್ಮೂರಿಂದ ಹಗಲಲ್ಲೇ ಮುನ್ನೂರು ಬಂದಿವೆ."

"ಅವತ್ತು ಮುಂಜಾನೇನೇ ಜೆಸಿಬಿ ಕೇಬಲ್ ಕಡದು, ಇಡೀ ಊರಾಗ ಮೊಬೈಲಿಗೂ ಸಂಜೀತನಕ ನೆಟ್ಟೇ ಇರಲಿಲ್ರಿ!"

ಕ್ಲಿಕ್ಕುಗಳು ನಕಲಿ ಅಂತ ವಾರದೊಳಗೆ ಕಂಪನಿ ಬರೆದುಕೊಟ್ಟಿತು.

ಕೇಬಲ್ ಕಡಿದ ದಿನ ನಾನು ಬಾಯಿಗೆ ಬಂದಂಗ ಬೈದಿದ್ದ ಜೆಸಿಬಿ ಡ್ರೈವರನನ್ನು ಹುಡುಕಿ ಚಹಾ ಕುಡಿಸಿದೆ. ಯಾಕಂತ ಅವನಿಗೆ ಇನ್ನೂ ಗೊತ್ತಿಲ್ಲ.