ಪದ್ಮಿನಿಗೆ ನಾನು ಹಚ್ಚಿದ ತುಕ್ಕು

ನಮ್ಮ ಪದ್ಮಿನಿ ಕಾರಿನ ಅಡಿಭಾಗ ತುಕ್ಕು ಹಿಡಿದು ಕೊಳೆತಿದೆ ಎಂದು ಹೇಳಿದವಳು ನಾನು. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ಗೊತ್ತಿತ್ತು. ಆ ಸುಳ್ಳನ್ನು ನನ್ನ ಗಂಡ ನಿಂಗೇಗೌಡರು ಹನ್ನೊಂದು ವರ್ಷ ನಿಜವೆಂದು ನಂಬಿದರು — ನಾನು ಎದುರಿಗೇ ಇದ್ದೆ, ದಿನಾ ಮುದ್ದೆ ಬಡಿಸುತ್ತಿದ್ದೆ, ಬಾಯಿ ಮಾತ್ರ ಬಿಡಲಿಲ್ಲ.

ಮೊದಲು ಆ ಕಾರಿನ ಬಗ್ಗೆ ಹೇಳಬೇಕು. ಹೇಳಿದ ಮಾತ್ರಕ್ಕೆ ನನ್ನ ತಪ್ಪು ಚಿಕ್ಕದಾಗುವುದಿಲ್ಲ. ಆದರೂ ಹೇಳುತ್ತೇನೆ. ಆ ಗಾಡಿಯ ಮಾತು ಬಂದರೆ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಮ್ಮವರು ಭಾರತೀನಗರದ ಕಡೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮಳವಳ್ಳಿಯ ಡಾಕ್ಟರೊಬ್ಬರು ಮಾರುತ್ತಿದ್ದ ಗಾಡಿಯನ್ನು ಕೊಂಡು ಮಂಡ್ಯದ ಗುತ್ತಲಿನಲ್ಲಿದ್ದ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಕೆನೆಬಣ್ಣ. ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಕಿಟಕಿಯ ಮೂಲೆಯಲ್ಲಿ ಗಾಳಿ ಬರಲೆಂದು ತಿರುಗಿಸುವ ಮೂರು ಮೂಲೆಯ ಪುಟ್ಟ ಗಾಜು. ನೋಡಲು ಚೆಂದ, ಆದರೆ ಎಂಜಿನ್ನು ಉಬ್ಬಸದ ಮುದುಕನ ಹಾಗೆ ಕೆಮ್ಮುತ್ತಿತ್ತು. ಆರು ತಿಂಗಳು, ಪ್ರತಿ ಭಾನುವಾರ, ಅವರು ಅಂಗಳದಲ್ಲಿ ಗೋಣಿತಾಟು ಹಾಸಿ ಅದನ್ನು ಬಿಚ್ಚಿದರು, ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದರು, ಮತ್ತೆ ಜೋಡಿಸಿದರು. ಆಮೇಲೆ ಆ ಎಂಜಿನ್ನು ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕಾಯಿತು.

ನಾನು ಆಗ ಬೆಸಗರಹಳ್ಳಿಯಿಂದ ಆಚೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಮ್ಮ. ಎರಡು ಬಸ್ಸು ಬದಲಿಸಬೇಕು. ಕಬ್ಬು ಕಟಾವಿನ ಕಾಲದಲ್ಲಿ ಬಸ್ಸು ಬಂದಾಗಲೇ ಬಂತು. ಒಂದು ಭಾನುವಾರ ಅವರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ನಾನು ಬಸ್ಸಲ್ಲಿ ಓಯ್ತೀನಿ. ನೀನು ಇದ್ರಲ್ಲಿ ಓಗು."

"ನನಗೆ ಬರುತ್ತೇನ್ರೀ ಇದೆಲ್ಲ?"

"ಮಕ್ಕಳ್ಗೆ ಮಗ್ಗಿ ಕಲ್ಸೋಳ್ಗೆ ನಾಕು ಗೇರು ಬರಕಿಲ್ವಾ?"

ನಾಲೆ ಏರಿಯ ಮೇಲೆ ಕಲಿಸಿದರು. "ಕ್ಲಚ್ಚಿಂದ ಮೆತ್ತಗೆ ಕಾಲು ಬುಡು ಕಣಮ್ಮಿ, ಎಮ್ಮೆ ಒದ್ದಂಗೆ ಒದೀಬ್ಯಾಡ" ಎನ್ನುತ್ತಿದ್ದರು, ಆದರೆ ಒಮ್ಮೆಯೂ ಸ್ಟೇರಿಂಗಿಗೆ ಕೈ ಹಾಕಲಿಲ್ಲ. ನಾಲೆಗೆ ಬಿದ್ದರೆ ಇಬ್ಬರೂ ಬೀಳೋಣ ಎನ್ನುವ ಹಾಗೆ ಕೈಕಟ್ಟಿ ಕೂತಿರುತ್ತಿದ್ದರು.

ಹದಿನಾಲ್ಕು ವರ್ಷ ಓಡಿಸಿದೆ. ನಮ್ಮ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ನಾನು. ನಾನು ಊರೊಳಗೆ ಬರುತ್ತಲೇ ಯಾರಾದರೊಬ್ಬರು ಕೂಗುವರು: "ಮೇಷ್ಟ್ರಮ್ಮನ ಕಾರು ಬತ್ತಾ ಅದೆ, ಎಮ್ಮೆಗಳ್ನ ಅತ್ತಗೆ ಒಡ್ಕಳ್ರೋ!" ಒಂದು ಸಲ ದಾರಿಯಲ್ಲಿ ಚಕ್ರ ಪಂಚರ್ ಆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಾಕಿ ಕೊಟ್ಟು ನಾನೇ ಸ್ಟೆಪ್ನಿ ಹಾಕಿದೆ. ಕಬ್ಬಿನ ಗಾಡಿಯಿಂದ ಇಬ್ಬರು ಗಂಡಸರು ಇಳಿದು ಬರುವಷ್ಟರಲ್ಲಿ ಕೊನೆಯ ಬೋಲ್ಟು ಬಿಗಿಯುತ್ತಿದ್ದೆ. "ಆಯ್ತು, ಹೋಗಿ" ಎಂದೆ. ಅವತ್ತು ಶಾಲೆಯಲ್ಲಿ ನಾನು ಕೂತು ಪಾಠ ಮಾಡಲಿಲ್ಲ — ಕೂರಲು ಮನಸ್ಸೇ ಬರಲಿಲ್ಲ.

ಆಮೇಲೆ ನನಗೆ ಮಂಡ್ಯಕ್ಕೇ ವರ್ಗವಾಯಿತು. ಶಾಲೆಗೆ ನಡೆದೇ ಹೋಗಬಹುದು. ಕಾರು ನಿಂತಿತು. ನಮ್ಮವರ ನಿವೃತ್ತಿಗೆ ಎರಡು ವರ್ಷವಿತ್ತು, ಅವರಿಗೊಂದು ಆಸೆಯಿತ್ತು: ಪೇಟೆಯಲ್ಲಿ ಸಣ್ಣದೊಂದು ಜಾಗ ಹಿಡಿದು, ಕಬ್ಬಿಣ ಕಡೆಯುವ ಲೇತ್ ಮೆಷೀನು ಹಾಕಿ, ಸ್ವಂತಕ್ಕೆ ಕೆಲಸ ಮಾಡಬೇಕು ಎಂದು. ಅದಕ್ಕೆ ಕಾರು ಮಾರಬೇಕು. ಮೈಸೂರಿನವರೊಬ್ಬರು ಹಳೆಯ ಕಾರುಗಳನ್ನು ಕೊಳ್ಳುತ್ತಾರೆ, ನೋಡಲು ಬರುತ್ತಾರೆ ಎಂದರು. ಊಟಕ್ಕೆ ಕೂತಾಗ ನನ್ನನ್ನು ಕೇಳಿದರು: "ಏನಂತೀಯೆ?"

"ಗಾಡಿ ನಿಮ್ಮದು. ನಿಮ್ಮಿಷ್ಟ" ಎಂದೆ.

ತಪ್ಪು ಅಲ್ಲೇ ಇತ್ತು ನೋಡಿ. ಮಾರಬೇಡಿ ಎಂಬ ಒಂದು ಮಾತು ಸಾಕಿತ್ತು. ಆ ಮನುಷ್ಯ ನನ್ನ ಮಾತು ಮೀರುವವರಲ್ಲ. ಆದರೆ ಕೇಳಿ ಪಡೆಯುವುದು ನನಗಾಗದು. ಅವರಿಗೇ ತಿಳಿಯಬೇಕಿತ್ತು, ನನ್ನ ಮುಖ ನೋಡಿಯೇ ಅರ್ಥವಾಗಬೇಕಿತ್ತು — ಹೀಗೆಲ್ಲ ಒಳಗೇ ಕುದಿದೆ. ಅದು ಪ್ರೀತಿ ಎಂದುಕೊಂಡಿದ್ದೆ. ಬರೀ ಜಂಬ ಅದು.

ಮೈಸೂರಿನವರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ನಮ್ಮವರು ಇನ್ನೂ ಪಾಳಿ ಮುಗಿಸಿ ಬಂದಿರಲಿಲ್ಲ. ಅಚ್ಚ ಬಿಳಿಯ ಬಟ್ಟೆ ತೊಟ್ಟಿದ್ದ ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಆಹಾ, ಇಂಥದ್ದು ಎಲ್ಲೂ ಸಿಗಲ್ಲಮ್ಮ" ಎಂದರು. ಆ ಕ್ಷಣಕ್ಕೆ ನನಗೆ ಹೆಮ್ಮೆಯಾಯಿತು. ಮರುಕ್ಷಣಕ್ಕೇ ಭಯವಾಯಿತು. ಆಗ ಆಡಿದೆ ಆ ಮಾತು —

"ಮೇಲೆ ನೋಡಿ ಮೋಸ ಹೋಗಬೇಡಿ ಸಾರ್. ಅಡಿಯೆಲ್ಲ ತುಕ್ಕು ತಿಂದು ಕೊಳೆತಿದೆ. ಬಣ್ಣ ಬಳಿದು ಮುಚ್ಚಿದ್ದಾರೆ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡಿ."

ಮನೆಯ ಹೆಂಗಸೇ ಹೇಳಿದ ಮೇಲೆ ಬಗ್ಗಿ ನೋಡುವುದೇನು? ಅವರು ಬಗ್ಗಲಿಲ್ಲ. ನನಗೆ ಕೈಮುಗಿದು ಹೊರಟುಹೋದರು.

ಸಂಜೆ ನಮ್ಮವರು ಅವರಿಗೆ ಫೋನು ಮಾಡಿದರು. ಪಕ್ಕದಲ್ಲಿ ನಿಂತಿದ್ದ ನನಗೂ ಆ ಕಡೆಯ ಮಾತು ಕೇಳಿಸಿತು. "ಗೌಡ್ರೇ, ಕೊಳೆತ ಗಾಡಿಗೆ ಬಣ್ಣ ಬಳಿದು ತಲೆಗೆ ಕಟ್ಟೋದು ಮರ್ಯಾದಸ್ಥರ ಲಕ್ಷಣ ಅಲ್ಲ." ನನ್ನ ಹೆಸರು ಹೇಳಲಿಲ್ಲ ಪುಣ್ಯಾತ್ಮ, ನಾನು ಕೇಳಿಕೊಂಡಂತೆ ನಡೆದುಕೊಂಡ. ಹಳೆಯ ಗಾಡಿಗಳನ್ನು ಬಲ್ಲವರು, ಬಗ್ಗಿ ನೋಡಿಯೇ ಹೇಳಿರಬೇಕು ಎಂದುಕೊಂಡರು ನಮ್ಮವರು. ನಾನು ಗಾಡಿಯನ್ನಷ್ಟೇ ಹಳಿದೆನೆಂದುಕೊಂಡಿದ್ದೆ. ನನ್ನ ಗಂಡನನ್ನು ವಂಚಕನನ್ನಾಗಿ ಮಾಡಿದ್ದೆ.

ಮುಂದಿನ ಎರಡು ಭಾನುವಾರ ಅವರು ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ಸ್ಕ್ರೂಡ್ರೈವರಿನಿಂದ ಚುಚ್ಚಿ ಚುಚ್ಚಿ ಹುಡುಕಿದರು. ಇಲ್ಲದ ತುಕ್ಕನ್ನು ಹುಡುಕಿದರು. ಹೊರಗೆ ಕಾಣುತ್ತಿದ್ದುದು ಬರೀ ಎರಡು ಪಾದ. ನಾನು ಟೀ ತಂದು ಆ ಪಾದಗಳ ಪಕ್ಕದಲ್ಲಿಟ್ಟು ಒಳಗೆ ಬಂದೆ. ಹೇಳಬೇಕಿತ್ತು. ಆಗಲೇ... ಹೇಳಲಿಲ್ಲ.

ಲೇತ್ ಮೆಷೀನಿನ ಮಾತು ಅಲ್ಲಿಗೆ ನಿಂತಿತು. ಅಕ್ಕಪಕ್ಕದವರು ಪಂಪು, ಮೋಟರು ಎಂದು ರಿಪೇರಿಗೆ ಕರೆದರೆ, "ಬ್ಯಾರೆಯೋರ್ಗೆ ತೋರ್ಸಪ್ಪ, ನನ್ ಕಣ್ಣು ಮೊದಲ್ನಂಗಿಲ್ಲ" ಎನ್ನತೊಡಗಿದರು. ಕಾರನ್ನು ಯಾರಾದರೂ ಹೊಗಳಿದರೆ, "ಮ್ಯಾಲೆ ಥಳುಕು, ಒಳಗೆ ಉಳುಕು ಕಣಪ್ಪ" ಎಂದು ನಗುತ್ತಿದ್ದರು. ಆ ಗಾದೆ ಯಾರಿಗೆ ಸಲ್ಲಬೇಕೆಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆದರೂ ವಾರಕ್ಕೊಮ್ಮೆ ಎಂಜಿನ್ನು ಚಾಲೂ ಮಾಡಿ, ಒಂದು ಸುತ್ತು ಓಡಿಸಿ ತಂದು, ಒರೆಸಿ ನಿಲ್ಲಿಸುವುದನ್ನು ಬಿಡಲಿಲ್ಲ. ಕೊಳೆತಿದೆ ಎಂದು ನಂಬಿಯೂ ಒರೆಸುತ್ತಿದ್ದರು.

ಈ ವರ್ಷ ಯುಗಾದಿ ಕಳೆದ ಮೇಲೆ, ಗಾಡಿಯ ಮೊದಲ ಯಜಮಾನರಾಗಿದ್ದ ಆ ಮಳವಳ್ಳಿ ಡಾಕ್ಟರ ಮಗಳು ನಮ್ಮ ಮನೆ ಹುಡುಕಿಕೊಂಡು ಬಂದರು. ಅವರೂ ಡಾಕ್ಟರೇ. ತಂದೆಯ ಹಳೆಯ ದವಾಖಾನೆಯನ್ನು ಮತ್ತೆ ತೆರೆದಿದ್ದಾರೆ, ತಂದೆ ಓಡಿಸುತ್ತಿದ್ದ ಕಾರೂ ಬೇಕಂತೆ. ಕಾರಿನ ಬಾಗಿಲಿಗೆ ಕೆನ್ನೆ ತಾಗಿಸಿ ನಿಂತರು. "ಕೊಡ್ತೀರಾ ಗೌಡ್ರೇ?" ಎಂದರು.

ನಮ್ಮವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಬ್ಯಾಡಿ ಡಾಕ್ಟ್ರಮ್ಮ. ಅಡಿಯೆಲ್ಲ ಕೊಳ್ತದೆ ಅಂತ ತಿಳ್ದೋರು ಏಳವ್ರೆ. ನನ್ ಕಣ್ಗೆ ಕಾಣ್ನಿಲ್ಲ. ಕಾಣ್ನಿಲ್ಲ ಅಂದ್ಮಾತ್ರಕ್ಕೆ ಇಲ್ಲ ಅನ್ನಕಾಯ್ತದಾ? ಸುಳ್ಳೇಳಿ ಮಾರೋ ಜನ ನಾವಲ್ಲ."

ಸುಳ್ಳು ಹೇಳಿ ಮಾರುವ ಜನ ನಾವಲ್ಲ. ನಾವು ಎಂದರು — ನನ್ನನ್ನೂ ಸೇರಿಸಿಕೊಂಡು.

"ತುಕ್ಕಿಲ್ಲರೀ" ಎಂದೆ. "ಯಾವತ್ತೂ ಇರಲಿಲ್ಲ. ಮೈಸೂರಿನವರಿಗೆ ಹಾಗೆ ಹೇಳಿದವಳು ನಾನು. ಗಾಡಿ ನನಗೆ ಬೇಕಿತ್ತು."

ಡಾಕ್ಟರಮ್ಮ ತಲೆ ತಗ್ಗಿಸಿ ಗೇಟಿನ ಕಡೆ ಸರಿದರು. ನಮ್ಮವರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಬೈಯಲಿಲ್ಲ. ಕೇಳಿದ್ದು ಇಷ್ಟೇ:

"ನಾನು ಅಡೀಲಿ ಮಲ್ಗಿದ್ನಲ್ಲ... ಆಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕಾರು ತೆಗೆದರು. "ಅತ್ತು, ಕೂತ್ಕೊ" ಎಂದರು. ಮದ್ದೂರಿನಲ್ಲಿ ಪರಿಚಯದ ಮೆಕ್ಯಾನಿಕ್ಕನ ಬಳಿ ಹೋಗಿ, ಗಾಡಿಯನ್ನು ಮೇಲಕ್ಕೆ ಎತ್ತಿಸಿದರು. ಡಾಕ್ಟರಮ್ಮನನ್ನೂ ಕರೆಸಿದ್ದರು. ನಮ್ಮವರೇ ಟಾರ್ಚು ಹಿಡಿದು, ಪುಟ್ಟ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದರು. ಠಣ್, ಠಣ್ ಎಂದು ಹೊಸ ಬಿಂದಿಗೆಯ ಸದ್ದು. "ಬನ್ನಿ ಡಾಕ್ಟ್ರಮ್ಮ, ಕೈಯಿಕ್ಕಿ ನೋಡಿ. ಇಲ್ಲಿ. ಇಲ್ಲೂ." ಮೆಕ್ಯಾನಿಕ್ಕು, "ಯಾರು ಸಾಕಿದ್ದು ಗೌಡ್ರೇ ಇದ್ನ?" ಎಂದ. "ನಾನೇ ಕಣ್ಲಾ, ಇನ್ಯಾರು!" ಎಂದ ಆ ದನಿ — ಹನ್ನೊಂದು ವರ್ಷದಿಂದ ನಾನು ಕೇಳಿರದ ದನಿ. ಆ ದನಿಯನ್ನು ಕಸಿದವಳು ಅಲ್ಲೇ ಮೂಲೆಯಲ್ಲಿ ನಿಂತಿದ್ದೆ. ನನಗೂ ಹೆಮ್ಮೆಯಾಯಿತು. ಹೆಮ್ಮೆಪಡಲು ನನಗೇನು ಹಕ್ಕು ಎಂದೂ ಅನ್ನಿಸಿತು.

ಬರುವಾಗ ಕೇಳಿದರು: "ಡಾಕ್ಟ್ರಮ್ಮಂಗೆ ಕೊಡವಾ ಅಂತಿವ್ನಿ. ನಿಂತ ಗಾಡಿ ಕೆಡ್ತದೆ, ಓಡ್ಸೋರ ಕೈಗೆ ಓಗ್ಲಿ. ಏನಂತೀಯೆ? ಬಾಯ್ಬುಟ್ಟು ಏಳು."

"ನನಗೆ ಕೊಡಲು ಮನಸ್ಸಿಲ್ಲ. ಆದರೆ ನೀವು ಹೇಳುವುದು ಸರಿ. ಕೊಡಿ."

ಮಳವಳ್ಳಿಗೆ ಓಡಿಸಿದವಳು ನಾನೇ. ಅವರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದರು. ಬೀಗದ ಕೈಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟು, ಬಸ್ಸಿನಲ್ಲಿ ಮಂಡ್ಯಕ್ಕೆ ಹೊರಟೆವು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತನೊಬ್ಬನಿಗೆ ನಮ್ಮವರು ಕಾರಿನ ಕಥೆ ಹೇಳತೊಡಗಿದರು. "ನಮ್ಮನೆಯವ್ಳು ಅದ್ರಲ್ಲಿ ಅದ್ನಾಕು ವರ್ಸ ಇಸ್ಕೂಲ್ಗೋಗವ್ಳೆ. ಒಂದ್ ಗೀರು ಬೀಳಿಸ್ನಿಲ್ಲ" ಎಂದರು. ನನ್ನ ಕಡೆ ತಿರುಗದೆಯೇ ಹೇಳಿದರು. ಅದನ್ನು ಕ್ಷಮೆಯೆಂದು ನಾನು ಲೆಕ್ಕಕ್ಕಿಟ್ಟಿಲ್ಲ. ಅವರ ಲೇತ್ ಮೆಷೀನು ಬರಲಿಲ್ಲ, ಇನ್ನು ಬರುವುದೂ ಇಲ್ಲ — ಅವರಿಗೀಗ ಎಪ್ಪತ್ತು ಹತ್ತಿರ.

ಒಂದು ಕೆಲಸ ಮಾತ್ರ ಉಳಿದಿದೆ. ಮೈಸೂರಿನ ಆ ಮನುಷ್ಯ ಇನ್ನೂ ನನ್ನ ಗಂಡನನ್ನು ಮೋಸಗಾರ ಎಂದೇ ತಿಳಿದಿದ್ದಾನೆ. ಅವನ ವಿಳಾಸ ಪತ್ತೆ ಮಾಡಿದ್ದೇನೆ. ನಾಳೆ ಬೆಳಗಿನ ರೈಲಿಗೆ ಹೋಗುತ್ತೇನೆ, ಒಬ್ಬಳೇ. ನಿಂಗೇಗೌಡರು ಸುಳ್ಳು ಹೇಳುವವರಲ್ಲ, ಹೇಳಿದವಳು ನಾನು ಎಂದು ಅವನ ಬಾಗಿಲಲ್ಲಿ ನಿಂತು ಹೇಳಬೇಕು. ನಮ್ಮವರಿಗೆ ತಿಳಿಸಿದೆ. ಅವರು ಓದುತ್ತಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ.

"ಓಗ್ಬುಟ್ಟು ಬಾ" ಎಂದರು.